ಗಾರ್ಡ್ ಕಳಚಿಟ್ಟ ಗ್ರೈಂಡರ್: ಆಂಟಾಪ್ ಹಿಲ್‌ನ ಗಲ್ಲಿಗಳಲ್ಲಿ ಒಂದು ಸುತ್ತು

ಹಾರ್ಬರ್ ಲೈನಿನ ಜಿ.ಟಿ.ಬಿ. ನಗರ ಸ್ಟೇಷನ್ನಿನಿಂದ ಪೂರ್ವಕ್ಕೆ ಹೊರಬಿದ್ದು ಮೊನೊರೈಲಿನ ಕಂಬಗಳ ಸಾಲು ಹಿಡಿದು ನಡೆದರೆ ಆಂಟಾಪ್ ಹಿಲ್. ಹೆಸರಿನಲ್ಲಿರುವ ಬೆಟ್ಟವನ್ನು ಈಗ ಕಟ್ಟಡಗಳ ಸಂದಿಯಲ್ಲಿ ಹುಡುಕಬೇಕು. ಒಂದು ಕಡೆ ಕೇಂದ್ರ ಸರ್ಕಾರಿ ನೌಕರರ ಸಿ.ಜಿ.ಎಸ್. ಕಾಲನಿ, ಸೆಕ್ಟರುಗಳಾಗಿ ಹಂಚಿಕೊಂಡ ಹಳೆಯ ಕ್ವಾರ್ಟರ್ಸ್, ಮರಗಳು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ. ಇನ್ನೊಂದು ಕಡೆ ಕೋಕ್ರಿ ಅಗರ್, ಸಂಗಮ್ ನಗರ, ಶೇಖ್ ಮಿಸ್ತ್ರಿ ದರ್ಗಾ. ಒತ್ತಿಕೊಂಡು ಕೂತ ಮನೆಗಳು, ನಡುನಡುವೆ ಎದ್ದುನಿಂತ ಪುನರ್ವಸತಿ ಟವರುಗಳು. ಇನ್ನೂ ಮುಂದೆ ಹೋದರೆ ವಡಾಲದ ಟ್ರಕ್ ಟರ್ಮಿನಲ್, ಗೋದಾಮುಗಳು, ಆಚೆಗೆ ಉಪ್ಪಿನ ಗದ್ದೆಗಳ ಬಯಲು.

ಈ ಸುತ್ತಳತೆಯಲ್ಲಿ ಯಾವ ಮೂಲೆಗೆ ಹೋದರೂ ಕೇಳಿಸುವ ಸದ್ದು ಒಂದೇ: ಕಬ್ಬಿಣದ ಮೇಲೆ ಗ್ರೈಂಡರ್ ಇಳಿಯುವ ಸದ್ದು. ಕಾರಣ ಸರಳ. ಸಮುದ್ರ ಹತ್ತಿರ, ಗಾಳಿಯಲ್ಲಿ ಉಪ್ಪು, ವರ್ಷಕ್ಕೆ ನಾಲ್ಕು ತಿಂಗಳು ಮಳೆ. ಇಲ್ಲಿ ಕಬ್ಬಿಣ ಹುಟ್ಟುವಾಗಲೇ ತುಕ್ಕಿಗೆ ಬರೆದುಕೊಟ್ಟದ್ದು. ಪ್ರತಿ ಕಿಟಕಿಗೂ ಪೆಟ್ಟಿಗೆಯಂಥ ಗ್ರಿಲ್, ಪ್ರತಿ ಬಾಗಿಲಿಗೂ ಸೇಫ್ಟಿ ಡೋರ್. ಹತ್ತು ಅಡಿ ಉದ್ದಗಲದ ಮನೆಗೆ ಮೇಲೊಂದು ಮಾಳಿಗೆ, ಅದಕ್ಕೆ ಆ್ಯಂಗಲ್ ಕಬ್ಬಿಣದ ತೊಲೆ, ಹತ್ತಲು ಕಬ್ಬಿಣದ್ದೇ ಏಣಿ. ಕಬ್ಬಿಣ ಬರುವುದು ಇಪ್ಪತ್ತಡಿಯ ಉದ್ದದಲ್ಲಿ, ಮನೆಗೆ ಬೇಕಾದದ್ದು ಮೂರಡಿ ನಾಲ್ಕಡಿ. ಕತ್ತರಿಸಲೇಬೇಕು.

ಹಳಿಯ ಪಶ್ಚಿಮಕ್ಕೆ ಕನ್ನಡಿಗರ ಮುಂಬೈ ಬೇರೆಯದೇ ಇದೆ. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ, ಮಾತುಂಗದಲ್ಲಿ ಮೈಸೂರು ಅಸೋಸಿಯೇಷನ್. ನಾಟಕ, ತಾಳಮದ್ದಳೆ, ಪುಸ್ತಕ ಬಿಡುಗಡೆ. ಹಳಿ ದಾಟಿ ಈಚೆ ಬಂದರೆ ಕನ್ನಡದ ದನಿ ಬದಲಾಗುತ್ತದೆ. ಇದು ಯಾದಗಿರಿ, ಕಲಬುರಗಿಯ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ದಾದರಿನಲ್ಲಿ ಇಳಿದ ಕನ್ನಡ. ಸಭೆಯ ಆಮಂತ್ರಣ ಪತ್ರಿಕೆಗಳಲ್ಲಿ ಇದನ್ನು ಕಾಣುವುದು ಅಪರೂಪ. ಗಾರೆ ಕೆಲಸ, ಸೆಂಟ್ರಿಂಗ್, ವೆಲ್ಡಿಂಗ್ ನಡೆಯುವಲ್ಲಿ ಕಿವಿಗೊಟ್ಟರೆ ಕೇಳಿಸುತ್ತದೆ.

ನಾನು ಹೋದದ್ದು ಒಂದೇ ವಸ್ತುವನ್ನು ಹುಡುಕಿಕೊಂಡು: ಗ್ರೈಂಡರಿನ ಗಾರ್ಡ್. ಡಿಸ್ಕಿನ ಅರ್ಧ ಭಾಗವನ್ನು ಮುಚ್ಚುವ, ಅರ್ಧಚಂದ್ರದ ಆಕಾರದ ಒಂದು ತಗಡು. ಹೊಸ ಮೆಷಿನ್ನಿನ ಡಬ್ಬದಲ್ಲಿ ತಪ್ಪದೆ ಬರುತ್ತದೆ, ಪಕ್ಕದ ಹಿಡಿಯ ಜೊತೆಗೆ. ಗಲ್ಲಿಗಳಲ್ಲಿ ಓಡುತ್ತಿದ್ದ ಮೆಷಿನ್ನುಗಳಲ್ಲಿ ಹಿಡಿ ಕೆಲವಕ್ಕೆ ಇತ್ತು. ಗಾರ್ಡ್ ಕಂಡದ್ದು ಬಲು ಕಡಿಮೆ. ಎಲ್ಲಿ ಹೋಯಿತು ಎಂದರೆ ಯಾರೂ ಕಳೆದುಹೋಯಿತು ಅನ್ನುವುದಿಲ್ಲ. ಇದೆ, ಚೀಲದಲ್ಲಿದೆ, ಮೊಳೆಗೆ ನೇತುಹಾಕಿದೆ, ಸೇಠ್ ತೆಗೆದಿಟ್ಟಿದ್ದಾರೆ.

ಸಂಗಮ್ ನಗರದ ಒಂದು ಫ್ಯಾಬ್ರಿಕೇಷನ್ ಅಂಗಡಿಯ ಮುಂದೆ ಯಾದಗಿರಿ ಕಡೆಯ ಯುವಕನೊಬ್ಬ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಚೌಕ ಪೈಪು ಕೊಯ್ಯುತ್ತಿದ್ದ. ಮಾತು ಕನ್ನಡಕ್ಕೆ ತಿರುಗಿದ ಮೇಲೆ ಕೇಳಿದೆ. “ಗಾರ್ಡ್ ಹಾಕಿದ್ರ ಗೆರಿ ಕಾಣಲ್ರಿ, ಮೂಲ್ಯಾಗ ಬ್ಲೇಡ್ ಹೋಗಲ್ರಿ” ಅಂದ. ಇದನ್ನು ನೆಪ ಎಂದು ತಳ್ಳಿಹಾಕುವಂತಿಲ್ಲ. ಗ್ರಿಲ್ಲಿನ ಒಳಮೂಲೆಯಲ್ಲಿ ವೆಲ್ಡಿಂಗ್ ಗಂಟು ಸವರುವಾಗ ಗಾರ್ಡ್ ನಿಜವಾಗಿಯೂ ಅಡ್ಡ ಬರುತ್ತದೆ. ಆದರೆ ಗಾರ್ಡು ಒಂದೇ ಜಾಗಕ್ಕೆ ಬೆಸೆದುಕೊಂಡಿರುವುದಿಲ್ಲ. ಸ್ಕ್ರೂ ಅಥವಾ ಲಿವರ್ ಸಡಿಲಿಸಿದರೆ ಸುತ್ತ ತಿರುಗುತ್ತದೆ. ಕೆಲಸಕ್ಕೆ ತಕ್ಕಂತೆ ತಿರುಗಿಸಿ, ಡಿಸ್ಕಿಗೂ ನಮ್ಮ ಮೈಗೂ ನಡುವೆ ತಗಡು ಬರುವ ಹಾಗೆ ಬಿಗಿದರೆ ಗೆರೆಯೂ ಕಾಣುತ್ತದೆ. ತಿರುಗಿಸಲು ಬೇಕಾದದ್ದು ಅರ್ಧ ನಿಮಿಷ. ಇದನ್ನು ಅವನಿಗೆ ಯಾರೂ ತೋರಿಸಿಕೊಟ್ಟಿಲ್ಲ. ಕೆಲಸ ಕಲಿಸಿದ ಉಸ್ತಾದನ ಮೆಷಿನ್ನಿನಲ್ಲೂ ಗಾರ್ಡ್ ಇರಲಿಲ್ಲವಲ್ಲ.

ಗಾರ್ಡ್ ಕಳಚುವುದಕ್ಕೆ ಇನ್ನೊಂದು ಕಾರಣವಿದೆ, ಅದು ಹೆಚ್ಚು ಅಪಾಯದ್ದು. ಐದಿಂಚಿನ ಮೆಷಿನ್ನಿಗೆ ಏಳಿಂಚಿನ ಡಿಸ್ಕ್ ಹಾಕುವ ಆಸೆ. ದೊಡ್ಡ ಡಿಸ್ಕ್ ಆಳಕ್ಕೆ ಹೋಗುತ್ತದೆ, ಬೇಗ ಸವೆಯುವುದಿಲ್ಲ. ಎರಡರ ನಡುವಿನ ತೂತೂ ಒಂದೇ ಅಳತೆ, 22.23 ಮಿಲಿಮೀಟರ್. ಹಾಗಾಗಿ ನಟ್ಟು ಸರಿಯಾಗಿಯೇ ಕೂರುತ್ತದೆ. ಬೇಡ ಎನ್ನುವುದು ಗಾರ್ಡ್ ಮಾತ್ರ. ಅದನ್ನು ತೆಗೆದರೆ ತಕರಾರು ಮುಗಿಯಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಸಣ್ಣ ಗ್ರೈಂಡರುಗಳು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ, ಅಂದರೆ ಸೆಕೆಂಡಿಗೆ 183 ಸುತ್ತು. ನಾಲ್ಕಿಂಚಿನ ಡಿಸ್ಕಿನ ಅಂಚು ಈ ವೇಗದಲ್ಲಿ ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿ ಓಡುತ್ತಿರುತ್ತದೆ. ಪಕ್ಕದ ಹಾರ್ಬರ್ ಲೈನಿನ ಲೋಕಲ್ಲು ತನ್ನ ಜನ್ಮದಲ್ಲಿ ಕಾಣದ ವೇಗ. ರಾಳದಲ್ಲಿ ಸಾಣೆಕಣ ಬೆರೆಸಿ, ಒಳಗೆ ಗಾಜಿನ ನಾರಿನ ಜಾಲರಿ ಇಟ್ಟು ಒತ್ತಿದ ಈ ಡಿಸ್ಕುಗಳಿಗೆ ತಯಾರಕರು ಸಾಮಾನ್ಯವಾಗಿ ಹಾಕುವ ಮಿತಿ ಸೆಕೆಂಡಿಗೆ 80 ಮೀಟರ್. ಏಳಿಂಚಿನ ಡಿಸ್ಕ್ ಈ ಮಿತಿಯೊಳಗೆ ಇರಬೇಕಾದರೆ ನಿಮಿಷಕ್ಕೆ 8,500 ಸುತ್ತು ದಾಟಬಾರದು, ಅದರ ಮೇಲೆಯೇ ಹಾಗೆಂದು ಅಚ್ಚಾಗಿರುತ್ತದೆ. ಅದನ್ನು 11,000ದಲ್ಲಿ ತಿರುಗಿಸಿದರೆ ಅಂಚಿನ ವೇಗ ಸೆಕೆಂಡಿಗೆ 103 ಮೀಟರ್. ಡಿಸ್ಕನ್ನು ಹರಿದು ಹೊರಕ್ಕೆಳೆಯುವ ಬಲ ಏರುವುದು ವೇಗದ ವರ್ಗಕ್ಕೆ ಅನುಗುಣವಾಗಿ. ಆದ್ದರಿಂದ ಇಲ್ಲಿ ಅದು ಮಿತಿಯ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಗುತ್ತದೆ. ಒಡೆದರೆ ಚೂರುಗಳು ಆ ವೇಗದಲ್ಲೇ ಹಾರುತ್ತವೆ. ತಡೆಯಬೇಕಾದ ತಗಡು ಮೊಳೆಗೆ ನೇತಾಡುತ್ತಿರುತ್ತದೆ.

ಈ ಯಂತ್ರಕ್ಕೆ ವಯಸ್ಸು ಹೆಚ್ಚೇನಿಲ್ಲ. ಜರ್ಮನಿಯ ಆಕರ್‌ಮನ್ ಮತ್ತು ಶ್ಮಿಟ್ ಕಂಪನಿ 1954ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅವರ ಬ್ರ್ಯಾಂಡಿನ ಹೆಸರು ಫ್ಲೆಕ್ಸ್. ಜರ್ಮನ್ನರು ಇಂದಿಗೂ ಯಾವ ಕಂಪನಿಯ ಗ್ರೈಂಡರನ್ನೂ ಫ್ಲೆಕ್ಸ್ ಎಂದೇ ಕರೆಯುತ್ತಾರೆ. ಆಂಟಾಪ್ ಹಿಲ್‌ನಲ್ಲಿ ಅದು ‘ಗ್ರೈಂಡರ್’, ಕೆಲವೊಮ್ಮೆ ‘ಕಟ್ಟರ್’. ಡಿಸ್ಕಿಗೆ ‘ಬ್ಲೇಡ್’, ‘ವೀಲ್’, ‘ಚಕ್ರಿ’, ಬಾಯಿಗೆ ಬಂದದ್ದು.

ಕೊಯ್ಯುವ ಡಿಸ್ಕಿಗೂ ಉಜ್ಜುವ ಡಿಸ್ಕಿಗೂ ಈ ಗಲ್ಲಿಗಳಲ್ಲಿ ಭೇದ ಕಡಿಮೆ. ಕೊಯ್ಯುವುದು ಒಂದರಿಂದ ಮೂರು ಮಿಲಿಮೀಟರ್ ದಪ್ಪದ್ದು, ಅಂಚಿನಿಂದ ಮಾತ್ರ ಕೆಲಸ ಮಾಡಬೇಕಾದದ್ದು. ಉಜ್ಜುವುದು ಆರು ಮಿಲಿಮೀಟರಿನಷ್ಟು ದಪ್ಪ, ನಡುವೆ ತಗ್ಗು. ಅದನ್ನು ಹದಿನೈದರಿಂದ ಮೂವತ್ತು ಡಿಗ್ರಿ ಓರೆ ಹಿಡಿದು ಮುಖದಿಂದ ಉಜ್ಜಬೇಕು. ಕೊಯ್ದದ್ದು ಮುಗಿದೊಡನೆ ಅದೇ ತೆಳು ಡಿಸ್ಕನ್ನು ಮಲಗಿಸಿ ಬರ್ರೆಂದು ಅಂಚು ಸವರುವುದನ್ನು ಎಷ್ಟು ಕಡೆ ನೋಡಿದೆನೋ. ಪಕ್ಕದ ಒತ್ತಡ ತೆಳು ಡಿಸ್ಕ್ ತಾಳುವುದಿಲ್ಲ. ಒಳಗಿನ ಜಾಲರಿ ಸೀಳುತ್ತದೆ. ಸೀಳಿದ್ದು ಆಗಲೇ ಒಡೆಯದೆ ಮರುದಿನ ಇನ್ನೊಬ್ಬನ ಕೈಯಲ್ಲಿ ಒಡೆಯಬಹುದು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ರಿಂಗ್ ಕೊಟ್ಟು ಗ್ರೈಂಡರಿಗೆ ಸಿಕ್ಕಿಸುವವರೂ ಇದ್ದಾರೆ. ಅದರ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು: ಯಾವ ಎಚ್ಚರಿಕೆ ತೆಗೆದುಕೊಂಡರೂ ಬೇಡ.

ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಡಿಸ್ಕ್ ಕೈಗೆತ್ತಿಕೊಂಡು ನೋಡಿದೆ. ಇಂಥ ಅಂಗಡಿಗಳಿಗೆ ಮಾಲು ಬರುವುದು ಹೆಚ್ಚಾಗಿ ಮಸ್ಜಿದ್ ಬಂದರಿನ ಹತ್ತಿರದ ನಾಗದೇವಿ ಸ್ಟ್ರೀಟಿನಿಂದ. ತೂತಿನ ಸುತ್ತ ಇರುವ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ತಯಾರಾದ ದಿನವಲ್ಲ, ಅವಧಿ ಮುಗಿಯುವ ದಿನ. ರಾಳ ಬೆಸೆದ ಡಿಸ್ಕಿಗೆ ಸಾಮಾನ್ಯವಾಗಿ ಮೂರು ವರ್ಷದ ಆಯುಸ್ಸು. ಮಾತ್ರೆಯ ಪಟ್ಟಿ ತಿರುಗಿಸಿ ತಾರೀಖು ನೋಡುವ ನಾವು ಇದನ್ನು ನೋಡುವುದಿಲ್ಲ. ರಾಳ ತೇವ ಹೀರಿಕೊಂಡು ಸಡಿಲಾಗುತ್ತದೆ, ಮುಂಬೈಯ ಜುಲೈಯಲ್ಲಿ ತೇವಕ್ಕೇನು ಬರ? ಒದ್ದೆ ನೆಲದ ಮೇಲೆ, ಸಿಮೆಂಟ್ ಚೀಲದ ಪಕ್ಕ ಬಿದ್ದಿದ್ದ ಡಿಸ್ಕನ್ನು ಒರೆಸಿ ಹಾಕಿಕೊಳ್ಳುವುದು ಇಲ್ಲಿ ಸಹಜ. “ತಟ್ಟಿ ನೋಡಿದೆ, ಸದ್ದು ಸರಿಯಿದೆ” ಎಂದು ಒಬ್ಬರು ಧೈರ್ಯ ಹೇಳಿದರು. ತಟ್ಟಿ ನಾದ ಕೇಳುವ ಪರೀಕ್ಷೆ ಪಿಂಗಾಣಿಯಂತೆ ಸುಟ್ಟ ಸಾಣೆಕಲ್ಲಿನ ಚಕ್ರಗಳಿಗೆ ಸರಿ. ರಾಳದ ಡಿಸ್ಕ್ ಒಳಗೆ ಬಿರಿದಿದ್ದರೂ ಗೊತ್ತಾಗುವಂತೆ ಹೇಳುವುದಿಲ್ಲ. ಅದಕ್ಕೆ ಇರುವ ದಾರಿ ಬೇರೆ. ಹೊಸ ಡಿಸ್ಕ್ ಹಾಕಿದ ಮೇಲೆ ಯಾರೂ ಎದುರಿಗಿಲ್ಲದ ಕಡೆಗೆ ತಿರುಗಿಸಿ ಒಂದು ನಿಮಿಷ ಖಾಲಿ ಓಡಿಸಬೇಕು. ಒಡೆಯುವುದಿದ್ದರೆ ಅಲ್ಲಿ ಒಡೆಯಲಿ.

ಡಿಸ್ಕ್ ಒಡೆಯುವುದಕ್ಕಿಂತ ಹೆಚ್ಚು ಸಲ ಆಗುವುದು ಮೆಷಿನ್ ಒದೆಯುವುದು. ಆ ಯುವಕ ಪೈಪಿನ ಎರಡು ತುದಿಗೂ ಇಟ್ಟಿಗೆ ಇಟ್ಟು ನಡುವೆ ಕೊಯ್ಯುತ್ತಿದ್ದ. ನೋಡಲು ಭದ್ರವಾದ ವ್ಯವಸ್ಥೆ. ಆದರೆ ಕೊಯ್ತ ಮುಗಿಯುತ್ತ ಬಂದಂತೆ ಪೈಪು ತನ್ನ ಭಾರಕ್ಕೆ ನಡುವೆ ಕುಸಿಯುತ್ತದೆ, ಗೆರೆ ಮುಚ್ಚಿಕೊಳ್ಳುತ್ತದೆ, ಡಿಸ್ಕನ್ನು ಎರಡು ಕಡೆಯಿಂದ ಹಿಡಿಯುತ್ತದೆ. ತಿರುಗುವ ಡಿಸ್ಕ್ ನಿಂತರೆ ಮೆಷಿನ್ ತಿರುಗಲೇಬೇಕು. ಅದು ಕಾಲಿನ ಕಡೆಗೋ ಮುಖದ ಕಡೆಗೋ ಎಗರುವಷ್ಟರಲ್ಲಿ ಕೈ ಬಿಡಲೂ ಸಮಯವಿರುವುದಿಲ್ಲ. ಪೈಪನ್ನು ಒಂದೇ ಕಡೆ ಬಿಗಿದು, ಕೊಯ್ದು ಬೀಳುವ ತುಂಡನ್ನು ಗಾಳಿಯಲ್ಲಿ ಬಿಟ್ಟರೆ ಗೆರೆ ಮುಚ್ಚುವ ಬದಲು ತೆರೆದುಕೊಳ್ಳುತ್ತದೆ. ಇದಕ್ಕೆ ಬೇಕಾದದ್ದು ಒಂದು ಸಿ-ಕ್ಲ್ಯಾಂಪ್. ಅವನು ಪೈಪನ್ನು ಎಡಗಾಲಿನಿಂದ ಒತ್ತಿ ಹಿಡಿದಿದ್ದ. ಕಾಲಲ್ಲಿ ರಬ್ಬರ್ ಚಪ್ಪಲಿ. ಇರಬೇಕಾದದ್ದು ಎರಡು ಕೈ ಹಿಡಿಗೆ, ಮೈ ಡಿಸ್ಕಿನ ನೇರದಿಂದ ಒಂದಿಷ್ಟು ಪಕ್ಕಕ್ಕೆ. ಕುಕ್ಕರಗಾಲಲ್ಲಿ ಕೂತವನಿಗೆ ಎರಡೂ ಆಗದ ಮಾತು. ಹಾಗಾಗಿ ಕನ್ನಡಕ, ಗ್ಲೋವ್ಸ್ ಎಂದು ಶುರುವಾಗುವ ಎಲ್ಲ ಸುರಕ್ಷಾ ಪಟ್ಟಿಗಳ ಮೇಲೆ ನನಗೆ ಸಣ್ಣ ಮುನಿಸು. ಮೊದಲು ಬೇಕಾದದ್ದು ಸೊಂಟದೆತ್ತರದ ಒಂದು ಮೇಜು. ಆದರೆ ಆ ಅಂಗಡಿಯ ಒಟ್ಟು ಅಗಲವೇ ಒಂದು ಮೇಜಿನಷ್ಟು. ಕೆಲಸ ರಸ್ತೆಗೆ ಬಂದದ್ದೇ ಅದಕ್ಕೆ.

ವೈರಿನ ತುದಿ ಕೂಡ ನೋಡಿದೆ. ಪ್ಲಗ್ ಇರಲಿಲ್ಲ. ಎರಡು ತಾಮ್ರದ ಎಳೆಗಳನ್ನು ಸಾಕೆಟ್ಟಿಗೆ ತೂರಿ ಬೆಂಕಿಕಡ್ಡಿ ಸಿಕ್ಕಿಸಿದ್ದರು. ಡಿಸ್ಕ್ ಬದಲಿಸುವಾಗ ಪ್ಲಗ್ ಕಿತ್ತಿರಬೇಕು ಎಂಬ ಮಾತು ಇಲ್ಲಿ ಅನ್ವಯಿಸುವುದೇ ಇಲ್ಲ, ಕೀಳಲು ಪ್ಲಗ್ ಬೇಕಲ್ಲ. ಮುಂದಕ್ಕೆ ತಳ್ಳಿ ಲಾಕ್ ಮಾಡುವ ಸ್ವಿಚ್ಚಿನ ಮೆಷಿನ್ನಾದರೆ ಇನ್ನೂ ಎಚ್ಚರ ಬೇಕು. ಕಡ್ಡಿ ಸಡಿಲವಾಗಿ ಮೆಷಿನ್ ನಿಂತಿತು, ಕಡ್ಡಿ ಸರಿಮಾಡಿದೊಡನೆ ನೆಲದ ಮೇಲಿದ್ದದ್ದು ತಾನಾಗಿ ಓಡಲು ಶುರು. ಕೈ ಬಿಟ್ಟೊಡನೆ ನಿಲ್ಲುವ ಪ್ಯಾಡಲ್ ಸ್ವಿಚ್ಚಿನ ಮಾದರಿಗಳಿಗೆ ಸ್ವಲ್ಪ ಹೆಚ್ಚು ಬೆಲೆ, ಕೈ ನೋಯುತ್ತದೆ ಎಂಬ ದೂರು ಬೇರೆ. ಮಳೆ ಬಿದ್ದರೆ ಸಯನ್, ಕಿಂಗ್ಸ್ ಸರ್ಕಲ್, ವಡಾಲದ ರಸ್ತೆಗಳಲ್ಲಿ ನೀರು ನಿಲ್ಲುವುದು ಮುಂಬೈಯವರಿಗೆ ಹೇಳಬೇಕಾಗಿಲ್ಲ. ಆ ನೀರಿನ ಅಂಚಿನಲ್ಲೇ ಈ ವೈರುಗಳು ಹರಿದಾಡುತ್ತವೆ. 30 ಮಿಲಿಆಂಪಿಯರ್ ಸೋರಿಕೆಗೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಒಂದು ಮೀಟರಿನ ಪಕ್ಕ ಇದ್ದರೆ ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಸಿ.ಜಿ.ಎಸ್. ಕಾಲನಿಯ ಕಡೆ ನಡೆದೆ. ಅಲ್ಲಿ ಮೂರನೇ ಮಹಡಿಯಲ್ಲಿ ಹಳೆಯ ಗ್ರಿಲ್ ಕೊಯ್ದು ತೆಗೆಯುವ ಕೆಲಸ. ಕಿಡಿಗಳ ಜಡೆ ಕೆಳಗಿನ ಬಾಲ್ಕನಿಗಳನ್ನು ದಾಟಿ ಸುರಿಯುತ್ತಿತ್ತು. ಕೆಳಗೆ ನಿಂತ ಗೃಹಿಣಿಯೊಬ್ಬರು ತಮ್ಮ ಹಳೆಯ ಅಳಲು ಹೇಳಿಕೊಂಡರು: ಹಿಂದೊಮ್ಮೆ ಪಕ್ಕದ ಮನೆಯಲ್ಲಿ ಇಂಥದೇ ಕೆಲಸ ನಡೆದ ಮೇಲೆ ಕಿಟಕಿಯ ಗಾಜಿನಲ್ಲಿ, ಬಾಲ್ಕನಿಯ ಟೈಲ್ಸಿನಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆಗಳು, ಎಷ್ಟು ಉಜ್ಜಿದರೂ ಹೋಗಲಿಲ್ಲ. ಉಜ್ಜಿದರೆ ಹೋಗುವಂಥದ್ದಲ್ಲ ಅದು. ಕಿಡಿ ಎಂದರೆ ಬೆಳಕಲ್ಲ, ಕಬ್ಬಿಣದ ಚೂರು. ಗಾಳಿಯಲ್ಲಿ ಉರಿಯುತ್ತ, ಕರಗುವಷ್ಟು ಬಿಸಿಯಾಗಿ ಬಂದು ಗಾಜಿಗೆ ಬಡಿದಾಗ ಗಾಜಿನ ಮೇಲ್ಮೈಯಲ್ಲೇ ಬೆಸೆದುಕೊಳ್ಳುತ್ತದೆ. ಆಮೇಲೆ ಸಮುದ್ರದ ತೇವಕ್ಕೆ ತುಕ್ಕು ಹಿಡಿಯುತ್ತದೆ. ಕೆಳಗೆ ನಿಲ್ಲಿಸಿದ ಕಾರಿನ ಗಾಜಿಗೂ ಅದೇ ಗತಿ.

ಆ ಚೂರು ಕಣ್ಣಿನ ಪಾಪೆಯ ಮೇಲಿನ ತೆಳುಪೊರೆಗೆ, ಅಂದರೆ ಕಾರ್ನಿಯಾಕ್ಕೆ ಬಿದ್ದಾಗಲೂ ನಡೆಯುವುದು ಇದೇ. ಬಿದ್ದ ಗಳಿಗೆಯಲ್ಲಿ ಕೆಲವೊಮ್ಮೆ ನೋವು ತಿಳಿಯುವುದಿಲ್ಲ. ರಾತ್ರಿ ಕಣ್ಣು ಕಿರಿಕಿರಿ, ಬೆಳಿಗ್ಗೆ ಕೆಂಪು, ನೀರು. ಅಷ್ಟರಲ್ಲಿ ಕಬ್ಬಿಣದ ಸುತ್ತ ಕಾರ್ನಿಯಾದೊಳಗೆ ತುಕ್ಕಿನ ಉಂಗುರ ಕಟ್ಟಿರುತ್ತದೆ. ಗಂಟೆಗಳ ಲೆಕ್ಕದಲ್ಲೇ ಅದು ಶುರುವಾಗುತ್ತದೆ. ವರ್ಕ್‌ಶಾಪಿನಲ್ಲಿ ಕಣ್ಣಿನ ಚೂರು ತೆಗೆಯುವುದರಲ್ಲಿ ನುರಿತ ಕೈ ಎಂದು ಹೆಸರು ಮಾಡಿದವರು ಯಾರಾದರೂ ಇದ್ದೇ ಇರುತ್ತಾರೆ. ಅವರ ಉಪಕರಣ ಕರವಸ್ತ್ರದ ಮೂಲೆ, ಬೆಂಕಿಕಡ್ಡಿಗೆ ಸುತ್ತಿದ ಹತ್ತಿ, ಕೆಲವೊಮ್ಮೆ ಸ್ಪೀಕರಿನ ಅಯಸ್ಕಾಂತ. ಚೂರು ಬಂದರೂ ತುಕ್ಕಿನ ಉಂಗುರ ಒಳಗೇ ಉಳಿಯುತ್ತದೆ, ಮೇಲೆ ಗೀರಿದ ಗಾಯ. ಆ ಗಾಯದಲ್ಲಿ ಬೂಷ್ಟು ಬೆಳೆದರೆ ಕಣ್ಣಿನ ನಡುವೆ ಬಿಳಿ ಕಲೆ ಉಳಿದು ದೃಷ್ಟಿ ಹೋಗಬಹುದು. ಇಲ್ಲಿಂದ ಹಳಿ ದಾಟಿದರೆ ಪಾಲಿಕೆಯ ಲೋಕಮಾನ್ಯ ತಿಲಕ್ ಆಸ್ಪತ್ರೆ, ಜನರ ಬಾಯಲ್ಲಿ ಸಯನ್ ಹಾಸ್ಪಿಟಲ್. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಸೂಕ್ಷ್ಮದರ್ಶಕದಡಿ ಸೂಜಿಯ ತುದಿಯಿಂದ ಚೂರನ್ನೂ ಉಂಗುರವನ್ನೂ ತೆಗೆಯುವುದು ಕಣ್ಣಿನ ವೈದ್ಯರಿಗೆ ನಿತ್ಯದ ಕೆಲಸ. ಕೂಲಿಯವನಿಗೆ ಕಷ್ಟ ಅರ್ಧ ದಿನದ ಪಗಾರ ಹೋಗುವುದು. ಚೂರು ವೇಗವಾಗಿ ಬಡಿದು ಕಣ್ಣುಗುಡ್ಡೆಯ ಒಳಕ್ಕೇ ಹೋಗಿದ್ದರೆ ಮಾತು ಬೇರೆ. ಹೊರಗೆ ಏನೂ ಕಾಣದಿರಬಹುದು. ಒಳಗೆ ಕಬ್ಬಿಣ ಕರಗಿ ಇಡೀ ಕಣ್ಣನ್ನು ವಿಷವಾಗಿಸುತ್ತದೆ. ಮುಂದೆಂದೋ ತಲೆಯ ಎಂಆರ್‌ಐ ಮಾಡಿಸಬೇಕಾಗಿ ಬಂದರೆ, ಹಿಂದೆ ಗ್ರೈಂಡಿಂಗ್ ಕೆಲಸ ಮಾಡಿದ್ದುಂಟೇ ಎಂದು ಕೇಳುವುದು ಇದೇ ಕಾರಣಕ್ಕೆ. ಆ ಯಂತ್ರದ ಅಯಸ್ಕಾಂತ ಒಳಗಿನ ಚೂರನ್ನು ಅಲುಗಾಡಿಸಬಲ್ಲದು.

ಕನ್ನಡಕ ಹಾಕಿದವರು ಗಲ್ಲಿಯಲ್ಲಿ ಇಲ್ಲದಿಲ್ಲ, ಆದರೆ ಅದು ರಸ್ತೆ ಬದಿಯ ಕೂಲಿಂಗ್ ಗ್ಲಾಸ್. ಬಿಸಿಲಿಗೆ ಸರಿ, ಚೂರು ಬಡಿದರೆ ತಾನೇ ಒಡೆಯುತ್ತದೆ, ಪಕ್ಕದಲ್ಲಿ ತೆರೆದಿರುತ್ತದೆ. ಪಾಲಿಕಾರ್ಬನೇಟಿನ, ಕಣ್ಣಿನ ಸುತ್ತ ಕೂರುವ ಗಾಗಲ್ ಬೇಕು, ಕೊಯ್ಯುವ ಕೆಲಸಕ್ಕೆ ಅದರ ಮೇಲೊಂದು ಮುಖದ ಪರದೆ. ಬಟ್ಟೆಯ ವಿಷಯದಲ್ಲೂ ತಿಳಿವಳಿಕೆ ತಲೆಕೆಳಗು. ಕುತ್ತಿಗೆಗೆ ಸುತ್ತಿದ ಟವೆಲ್, ಕೊರಳಿಂದ ಇಳಿಬಿದ್ದ ಮಾಲೆ, ನೂಲಿನ ಸಡಿಲ ಕೈಗವಸು ಡಿಸ್ಕಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಟೀಶರ್ಟ್ ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಬೇಕಾದದ್ದು ಮೈಗೊಪ್ಪುವ ದಪ್ಪ ಹತ್ತಿ, ಬಿಗಿಯಾದ ಚರ್ಮದ ಗ್ಲೋವ್ಸ್, ಮುಚ್ಚಿದ ಬೂಟು.

ಕಿವಿಯ ಮಾತು ಯಾರೂ ಎತ್ತುವುದಿಲ್ಲ. ಕಬ್ಬಿಣ ಕೊಯ್ಯುವ ಗ್ರೈಂಡರಿನ ಸದ್ದು ನೂರು ಡೆಸಿಬೆಲ್ಲಿನ ಆಸುಪಾಸು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್‌ನ ಲೆಕ್ಕದಲ್ಲಿ ಆ ಸದ್ದಿಗೆ ದಿನಕ್ಕೆ ಹದಿನೈದು ನಿಮಿಷವೇ ಮಿತಿ. ಧೂಳಿನದು ಇನ್ನೂ ನಿಧಾನದ ಕಥೆ. ಅಡುಗೆಕಟ್ಟೆಗೆ ಗ್ರಾನೈಟ್ ಒಣಗಿದ್ದಾಗಲೇ ಕೊಯ್ದರೆ ಏಳುವ ಬಿಳಿ ಮೋಡದಲ್ಲಿ ಸಿಲಿಕಾ ಇರುತ್ತದೆ. ನೀರು ಹನಿಸುತ್ತ ಕೊಯ್ಯಬೇಕು, ಅದೂ ನೀರಿಗೆಂದೇ ಮಾಡಿದ ಕಟ್ಟರಿನಲ್ಲಿ, ಗ್ರೈಂಡರಿಗೆ ನೀರು ಸುರಿದಲ್ಲ. ಗುಡಿಸಲ ಮಾಡಿನ ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಅದನ್ನು ಗ್ರೈಂಡರಿನಿಂದ ಕೊಯ್ದರೆ ಎದ್ದ ನಾರು ಒಬ್ಬನ ಎದೆಗೆ ಮಾತ್ರ ಹೋಗುವುದಿಲ್ಲ, ಗಲ್ಲಿಯ ಮಕ್ಕಳಿಗೂ ಹೋಗುತ್ತದೆ. ರೋಗ ಕಾಣಿಸುವುದು ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ.

ಕಾನೂನು ಇರಲಿಲ್ಲವೇ? 1948ರ ಕಾರ್ಖಾನೆ ಕಾಯ್ದೆ ತಿರುಗುವ ಯಂತ್ರಕ್ಕೆ ಬೇಲಿ ಬೇಕೆಂದು 21ನೇ ಕಲಮಿನಲ್ಲಿ, ಚೂರು ಹಾರುವ ಕೆಲಸದಲ್ಲಿ ಕಣ್ಣಿಗೆ ರಕ್ಷಣೆ ಬೇಕೆಂದು 35ನೇ ಕಲಮಿನಲ್ಲಿ ಹೇಳಿತ್ತು. ಆದರೆ ಆ ಕಾಯ್ದೆಯ ಮೂಲ ರೂಪದಲ್ಲಿ, ವಿದ್ಯುತ್ ಬಳಸುವ ಕಡೆಯೂ ಕನಿಷ್ಠ ಹತ್ತು ಮಂದಿ ದುಡಿಯುತ್ತಿದ್ದಲ್ಲಿ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಮೂವರು ಕೂತು ರಸ್ತೆಯಲ್ಲಿ ಪೈಪು ಕೊಯ್ಯುವ ಅಂಗಡಿಗೆ ಇನ್‌ಸ್ಪೆಕ್ಟರ್ ಬರುವವನಲ್ಲ. ಬರುವವನು ಗಿರಾಕಿ. ಗ್ರಿಲ್ಲಿನ ದರ ಕಿಲೋ ಲೆಕ್ಕ ಅಥವಾ ಚದರಡಿ ಲೆಕ್ಕ, ಗಿರಾಕಿ ಚೌಕಾಸಿ ಮಾಡುವುದು ಅದರ ಮೇಲೆಯೇ. ಗಾರ್ಡ್ ತಿರುಗಿಸುವ ಅರ್ಧ ನಿಮಿಷ, ಕ್ಲ್ಯಾಂಪ್ ಬಿಗಿಯುವ ಎರಡು ನಿಮಿಷ, ಕೆಳಗಿನವರ ಬಾಲ್ಕನಿಗೆ ಒದ್ದೆ ಗೋಣಿ ಕಟ್ಟುವ ಹತ್ತು ನಿಮಿಷ ಕಿಲೋ ಲೆಕ್ಕದಲ್ಲಿ ಎಲ್ಲೂ ಸೇರುವುದಿಲ್ಲ. ಕಾಲನಿಯ ಸುಶಿಕ್ಷಿತರೇ ಕಿಲೋಗೆ ಐದು ರೂಪಾಯಿ ಇಳಿಸಿಕೊಂಡು, ಆಮೇಲೆ ಈ ಹುಡುಗರಿಗೆ ಸೇಫ್ಟಿ ಗೊತ್ತಿಲ್ಲ ಎನ್ನುವುದನ್ನು ಕೇಳಿ ನನಗೆ ರೇಗಿತು.

ಕೆಲಸ ಮುಗಿಸಿ ಸ್ವಿಚ್ ಆರಿಸಿದ ಮೇಲೂ ಡಿಸ್ಕ್ ಹಲವು ಸೆಕೆಂಡು ತಿರುಗುತ್ತದೆ, ಪೂರ್ತಿ ನಿಲ್ಲುವವರೆಗೆ ಕೆಳಗಿಡಬಾರದು. ಅಷ್ಟು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾರೂ ಮಾಡದ್ದು ಮುಂದಿನದು: ಅರ್ಧ ಗಂಟೆಯಿಂದ ಒಂದು ಗಂಟೆ ಅಲ್ಲೇ ಇದ್ದು ಹೊಗೆ ಬರುತ್ತದೆಯೇ ಎಂದು ಕಾಯುವುದು. ಕಿಡಿ ಹಾಸಿಗೆಯ ಫೋಮಿನಲ್ಲಿ, ಮರದ ಹೊಟ್ಟಿನಲ್ಲಿ, ಥಿನ್ನರ್ ಒರೆಸಿದ ಬಟ್ಟೆಯಲ್ಲಿ ಸದ್ದಿಲ್ಲದೆ ಕೂತು ಎಷ್ಟೋ ಹೊತ್ತಿನ ಮೇಲೆ ಹೊತ್ತಿಕೊಳ್ಳುತ್ತದೆ. ಸಂಗಮ್ ನಗರದಲ್ಲಿ ಆ ಫ್ಯಾಬ್ರಿಕೇಷನ್ ಅಂಗಡಿಗೆ ತಾಗಿಯೇ ಸೋಫಾ ರಿಪೇರಿಯ ಅಂಗಡಿ, ಎದುರಿಗೆ ಗ್ಯಾಸ್ ಸ್ಟವ್ ಇಟ್ಟ ವಡಾಪಾವ್ ಗಾಡಿ. ದೊಡ್ಡ ಕಾರ್ಖಾನೆಗಳಲ್ಲಿ ಈ ಕಾವಲಿಗೆಂದೇ ಒಬ್ಬನನ್ನು ನೇಮಿಸುತ್ತಾರೆ. ಕೆಲಸ ಬಿಟ್ಟ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರಲು ಏನು ತಗೊಳ್ತೀರಿ ಎಂದು ಯಾದಗಿರಿಯ ಯುವಕನನ್ನು ಕೇಳಿದೆ. ಮೆಷಿನ್ನಿನ ವೈರ್ ಸುತ್ತುತ್ತ ಸೇಠನ ಕಡೆ ಒಮ್ಮೆ ನೋಡಿದ, ಗಾಡಿಯ ಕಡೆ ನೋಡಿದ. “ಎರಡ್ ಚಾ ಹೇಳ್ರಿ, ಒಂದ್ ವಡಾಪಾವ್. ಕೂಡ್ತೀನ್ರಿ.”